ಸಣ್ಣ ಉದ್ಯಮಿಯ ಪರ ಯಾವ ಸಚಿವರು?

2024ರ ಮಾರ್ಚ್ 1ರಂದು ಗೂಗಲ್, ಶುಲ್ಕದ ತಕರಾರಿನಲ್ಲಿ ಭಾರತ್ ಮ್ಯಾಟ್ರಿಮೋನಿ, ನೌಕರಿ ಸೇರಿದಂತೆ ಹಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ಕಿತ್ತುಹಾಕಿತು. ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಗುಡುಗಿದರು. ಕೆಲವೇ ದಿನಗಳಲ್ಲಿ ಆ್ಯಪ್‌ಗಳು ಮರಳಿದವು. ಸಂತೋಷವೇ. ಆದರೆ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ನಾಲ್ಕು ಜನರನ್ನಿಟ್ಟುಕೊಂಡು ಆ್ಯಪ್ ನಡೆಸುವವರಿಗೆ ಹೀಗಾದರೆ ಯಾವ ಸಚಿವರು ದನಿ ಎತ್ತುತ್ತಾರೆ?

ಆ್ಯಪ್ ತೆಗೆದುಹಾಕುವುದೂ ಗೂಗಲ್, ಆ್ಯಪಲ್‌ನಂಥ ಕಂಪನಿಗಳೇ, ಮೇಲ್ಮನವಿ ಕೇಳುವುದೂ ಅವೇ. ಐಫೋನ್ ಬಳಸುವ ಭಾರತೀಯರಿಗಂತೂ ಆ್ಯಪಲ್‌ನದಲ್ಲದೆ ಬೇರೆ ಆ್ಯಪ್ ಅಂಗಡಿಯೇ ಇಲ್ಲ. ಮಾರುಕಟ್ಟೆಯಲ್ಲಿ ನ್ಯಾಯಯುತ ಪೈಪೋಟಿ ಕಾಯುವ ಭಾರತೀಯ ಸ್ಪರ್ಧಾ ಆಯೋಗವು ಪ್ಲೇ ಸ್ಟೋರ್ ನೀತಿಗಾಗಿ 2022ರಲ್ಲಿ ಗೂಗಲ್‌ಗೆ 936 ಕೋಟಿ ರೂಪಾಯಿ ದಂಡ ಹಾಕಿತ್ತು. 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಅದು ಸುಮಾರು 216 ಕೋಟಿಗೆ ಇಳಿಯಿತು. ಆ ಕಂಪನಿಗೆ ಇದು ಚಿಲ್ಲರೆ ಕಾಸು.

ಆ್ಯಪ್ ತೆಗೆಯುವ ಮುನ್ನ ಲಿಖಿತ ಕಾರಣ, ಉತ್ತರಿಸಲು ಕಾಲಾವಕಾಶ, ಕಂಪನಿಯ ಹೊರಗಿನ ಸ್ವತಂತ್ರ ಮೇಲ್ಮನವಿ ಪ್ರಾಧಿಕಾರ ಇವಿಷ್ಟನ್ನು ಕಾನೂನೇ ಕಡ್ಡಾಯಗೊಳಿಸಲಿ. ಇಂಥ ದೈತ್ಯ ಕಂಪನಿಗಳಿಗೆ ಕಡಿವಾಣ ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲೇ ಪ್ರಕಟವಾಗಿದೆ. ನಮ್ಮ ಸಂಸದರು ಅದನ್ನೊಮ್ಮೆ ಓದಿ, ಸದನದಲ್ಲಿ ಪ್ರಶ್ನೆ ಕೇಳಲಿ.

– ಓದುಗ, ಧಾರವಾಡ