ಮೈಕ್ ಹಿಡಿದ ಗೆಳೆಯನಿಗೆ, ರಿಚಿ ಬೆನೊ ಬಗ್ಗೆ

ಪ್ರಿಯ ಸತೀಶ,

ತಾಲ್ಲೂಕು ಟೂರ್ನಿಯಲ್ಲಿ ನೀನು ಕನ್ನಡದಲ್ಲಿ ಕೊಟ್ಟ ವೀಕ್ಷಕ ವಿವರಣೆಯನ್ನು ಪೂರ್ತಿ ಕೇಳಿದೆ. ಕಂಠ ಚೆನ್ನಾಗಿದೆ, ಆಟವೂ ನಿನಗೆ ಗೊತ್ತು. ಆದರೆ ಒಂದು ಚೆಂಡಿಗೂ ನೀನು ಸುಮ್ಮನಿರಲಿಲ್ಲ. ಅದಕ್ಕೇ ಟಿವಿ ಕ್ರಿಕೆಟ್ ವಿವರಣೆಗೆ ಹೆಸರಾದ ರಿಚಿ ಬೆನೊ ಅವರ ಬಗ್ಗೆ ನಿನಗೆ ಬರೆಯಲೇಬೇಕು ಅನ್ನಿಸಿತು.

63 ಟೆಸ್ಟ್, 248 ವಿಕೆಟ್. ಟೆಸ್ಟ್ ಆಟದಲ್ಲಿ 200 ವಿಕೆಟ್, 2000 ರನ್ ಎರಡನ್ನೂ ಮೊದಲು ಪೂರೈಸಿದವರು ಈ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್. ನಾಯಕರಾಗಿ ಒಂದು ಸರಣಿಯನ್ನೂ ಸೋಲಲಿಲ್ಲ. ಇಷ್ಟು ದೊಡ್ಡ ಹೆಸರಿದ್ದವರಿಗೆ ಮೈಕ್ ತಾನಾಗಿಯೇ ಸಿಗುತ್ತಿತ್ತು. ಅವರು ಅದನ್ನು ಕಾಯಲಿಲ್ಲ. 1956ರ ಇಂಗ್ಲೆಂಡ್ ಪ್ರವಾಸ ಮುಗಿದಾಗ ಲಂಡನ್ನಿನಲ್ಲೇ ಉಳಿದು ಬಿಬಿಸಿಯ ಟೆಲಿವಿಷನ್ ತರಬೇತಿಗೆ ಸೇರಿದರು. ಕುದುರೆ ಓಟ, ಗಾಲ್ಫ್, ಟೆನಿಸ್ ವಿವರಣೆ ನೀಡುವ ಹಿರಿಯರ ಬಳಿ ಕುಳಿತು ಅವರು ಯಾವಾಗ ಬಾಯಿ ತೆರೆಯುತ್ತಾರೆ, ಯಾವಾಗ ತೆರೆಯುವುದಿಲ್ಲ ಎಂದು ಗಮನಿಸಿದರು. ಆಮೇಲೆ ಭಾರತಕ್ಕೆ ಬಂದು ಮದರಾಸಿನ ಒಂದೇ ಇನಿಂಗ್ಸ್‌ನಲ್ಲಿ 7 ವಿಕೆಟ್, ಕಲ್ಕತ್ತೆ ಟೆಸ್ಟ್‌ನಲ್ಲಿ 11 ವಿಕೆಟ್ ಕಿತ್ತರು! ಸಿಡ್ನಿಯ ಪತ್ರಿಕೆಯೊಂದರಲ್ಲಿ ಅಪರಾಧ ಸುದ್ದಿಯ ವರದಿಗಾರರೂ ಆಗಿದ್ದರು. ಮಾತು ಬಿಗಿಯಾಗಿರುತ್ತಿದ್ದುದರಲ್ಲಿ ಆ ಕಸುಬಿನ ಪಾಲೂ ಇದೆ ಎಂದು ನನ್ನ ನಂಬಿಕೆ.

ಪರದೆಯ ಮೇಲೆ ಕಾಣುತ್ತಿರುವುದಕ್ಕೆ ಏನಾದರೂ ಸೇರಿಸುವಂತಿದ್ದರೆ ಮಾತ್ರ ಮಾತಾಡು ಎನ್ನುವುದು ಅವರ ನಿಯಮ. 1993ರಲ್ಲಿ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಎಸೆದ ಚೆಂಡು ಲೆಗ್ ಸ್ಟಂಪ್‌ನ ಆಚೆ ಬಿದ್ದು, ತಿರುಗಿ, ಇಂಗ್ಲೆಂಡಿನ ಬ್ಯಾಟ್ಸ್‌ಮನ್ ಮೈಕ್ ಗ್ಯಾಟಿಂಗ್ ಅವರ ಆಫ್ ಸ್ಟಂಪ್‌ಗೆ ತಾಗಿತಲ್ಲ, ಆ ದೃಶ್ಯವನ್ನು ಇನ್ನೊಮ್ಮೆ ನೋಡು. ಲೆಗ್ ಸ್ಪಿನ್ ಬಗ್ಗೆ ಒಂದು ಗಂಟೆ ಪಾಠ ಮಾಡಬಲ್ಲ ಬೆನೊ, ಏನಾಯಿತೆಂದು ಗ್ಯಾಟಿಂಗ್‌ಗೆ ಗೊತ್ತೇ ಆಗಿಲ್ಲ, ಇನ್ನೂ ಗೊತ್ತಾಗಿಲ್ಲ ಎಂದಷ್ಟೇ ಹೇಳಿದರು.

ನೀನು ನಿಮ್ಮೂರಿನ ತಂಡವನ್ನು ‘ನಾವು’ ಎಂದು ಕರೆಯುತ್ತಿದ್ದೆ. ಬೆನೊ ತಮ್ಮ ದೇಶದ ತಂಡವನ್ನೂ ಹಾಗೆ ಕರೆಯುತ್ತಿರಲಿಲ್ಲ. ಕೈಬಿಟ್ಟ ಕ್ಯಾಚನ್ನು ದುರಂತ ಎನ್ನಬಾರದು, ಟೈಟಾನಿಕ್ ಮುಳುಗಿದ್ದು ದುರಂತ ಎನ್ನುತ್ತಿದ್ದರು.

ಹಾಗೆಂದು ಅವರದು ಅಂಜಿಕೆಯ ಮೌನವಲ್ಲ. 1981ರ ಫೆಬ್ರುವರಿ 1, ಮೆಲ್ಬರ್ನ್. ಕೊನೆಯ ಚೆಂಡಿನಲ್ಲಿ ಪಂದ್ಯವನ್ನು ಸಮ ಮಾಡಿಕೊಳ್ಳಲು ನ್ಯೂಜಿಲೆಂಡಿಗೆ 6 ರನ್ ಬೇಕಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್, ಬೌಲ್ ಮಾಡುತ್ತಿದ್ದ ತಮ್ಮ ಟ್ರೆವರ್‌ಗೆ ಹೇಳಿ, ಸಿಕ್ಸರ್ ಹೊಡೆಯಲಾಗದಂತೆ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟರು. ಗೆದ್ದದ್ದು ಬೆನೊ ಅವರದೇ ದೇಶ. ಆದರೂ ಕ್ಯಾಮೆರಾ ಮುಂದೆ ನಿಂತು, ಕ್ರಿಕೆಟ್ ಮೈದಾನದಲ್ಲಿ ತಾವು ಕಂಡ ಅತಿ ಕೆಟ್ಟ ಸಂಗತಿಗಳಲ್ಲಿ ಇದೊಂದು ಎಂದು ದನಿ ಏರಿಸದೆ ಹೇಳಿದರು. ದಿನವಿಡೀ ಕಿರುಚುವವರು ಇದನ್ನೇ ಹೇಳಿದ್ದರೆ ಯಾರು ಕಿವಿಗೊಡುತ್ತಿದ್ದರು?

2005ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ವೀಕ್ಷಕರಿಗೆ ವಿದಾಯ ಹೇಳುತ್ತಿದ್ದಾಗ ಆಸ್ಟ್ರೇಲಿಯಾದ ಮೆಕ್‌ಗ್ರಾ ಎಸೆತಕ್ಕೆ ಇಂಗ್ಲೆಂಡಿನ ಪೀಟರ್ಸನ್ ಬೌಲ್ಡ್ ಆದರು. ಬೆನೊ ತಮ್ಮ ವಿದಾಯವನ್ನು ಅಲ್ಲೇ ನಿಲ್ಲಿಸಿ ವಿಕೆಟ್ ಬಿದ್ದದ್ದನ್ನು ಹೇಳಿದರು. ಆಟ ಮೊದಲು, ತಾವು ಆಮೇಲೆ. ನನಗೆ ಅವರ ಮೇಲಿನ ಗೌರವ ಇಮ್ಮಡಿಸಿದ್ದು ಅಲ್ಲಿ.

2015ರ ಏಪ್ರಿಲ್ 10ರಂದು ತೀರಿಕೊಂಡರು. ಚರ್ಮದ ಕ್ಯಾನ್ಸರ್ ಇತ್ತು. ತಮ್ಮ ಆರಾಧ್ಯ ಆಟಗಾರ ಕೀತ್ ಮಿಲ್ಲರ್ ಟೋಪಿ ಹಾಕುತ್ತಿರಲಿಲ್ಲವೆಂದು ತಾವೂ ಹಾಕದೆ ಆಡಿದೆವೆಂದು ನೆನೆದು, ಕಿರಿಯರಿಗೆ ತಲೆ ಮುಚ್ಚಿಕೊಳ್ಳಿ ಎಂದು ಕಿವಿಮಾತು ಹೇಳಿದ್ದರು. ನಿಮ್ಮ ಮೈದಾನದಲ್ಲಿ ವಿವರಣೆಕಾರರ ಮೇಜಿಗೆ ನೆರಳೇ ಇಲ್ಲ. ಮುಂದಿನ ಪಂದ್ಯಕ್ಕೆ ಟೋಪಿ ಹಾಕಿಕೊಂಡೇ ಹೋಗು.

ನಿನ್ನ
ರಘು