ಪಾತ್ರಕ್ಕೆ ಏನು ಬೇಕು ಅಂತ ಮೊದಲು ನೋಡು

ಉಡುಪಿ

ಚಿ. ನಿಧಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಸ್ ಕಂಡಕ್ಟರ್ ಮತ್ತು ಮಲ್ಲಿಗೆ ಬುಟ್ಟಿಯ ಅಜ್ಜಿಯ ಮೇಲೆ ನೀನು ಬರೆದ ಪ್ರಹಸನ ಓದಿದೆ. ನೀವು ಗೆಳೆಯರೆಲ್ಲ ಮಂಗಳೂರಿನಲ್ಲಿ ಕೂತು, ಹಳೇ ಹಾಸ್ಯ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎಲ್ಲಿ ನಗು ಬಂತು ಅಂತ ಬರೆದಿಟ್ಟುಕೊಳ್ಳುತ್ತೀರಂತೆ. ಒಳ್ಳೆಯ ಅಭ್ಯಾಸ. ಆದರೆ ನಗು ಬಂದ ಜಾಗ ಗುರುತಿಸಿದರೆ ಸಾಲದು. ಅದಕ್ಕೂ ಮುಂಚೆ ಆ ಪಾತ್ರಕ್ಕೆ ಏನು ಬೇಕಾಗಿತ್ತು ಅಂತ ನೋಡು.

1925ರ 'ದಿ ಗೋಲ್ಡ್ ರಶ್'ನಲ್ಲಿ ಚಾಪ್ಲಿನ್ ಬೂಟು ಬೇಯಿಸಿ ತಿನ್ನುತ್ತಾನಲ್ಲ, ಅದನ್ನೇ ತಗೋ. ಹೊರಗೆ ಹಿಮ. ಒಳಗೆ ತಿನ್ನಲು ಏನೂ ಇಲ್ಲ. ಬೂಟಿನ ದಾರವನ್ನು ಶಾವಿಗೆಯಂತೆ ಸುತ್ತಿ ಬಾಯಿಗಿಡುತ್ತಾನೆ. ಮೊಳೆಗಳನ್ನು ಎಲುಬು ಚೀಪಿದ ಹಾಗೆ ಚೀಪುತ್ತಾನೆ. ಚಿತ್ರೀಕರಣಕ್ಕೆ ಆ ಬೂಟನ್ನು ಲೈಕೋರೈಸ್ ಮಿಠಾಯಿಯಲ್ಲಿ ಮಾಡಿದ್ದರು. ಆದರೂ ಕಥೆಯೊಳಗಿನ ಅವನು ಅಗಿಯುವುದು ಚರ್ಮವನ್ನೇ, ಊಟದ ಮರ್ಯಾದೆಯನ್ನೂ ಬಿಡದೆ. ಎದುರಿಗೆ ಕೂತವನಿಗೆ ಮಾತ್ರ ಅದು ಬರೀ ಬೂಟು. ಆ ಸಪ್ಪೆ ಮುಖ ಇಲ್ಲದಿದ್ದರೆ ದೃಶ್ಯ ಅರ್ಧವೂ ನಗಿಸುತ್ತಿರಲಿಲ್ಲ.

ನಮ್ಮ ಯಕ್ಷಗಾನದ ಬಾಹುಕನನ್ನೂ ನೋಡು. ವಿಕಾರ ರೂಪ, ತಮಾಷೆ ಮಾತು. ಒಳಗಿರುವವನು ರಾಜ್ಯ ಕಳೆದುಕೊಂಡು, ಹೆಂಡತಿ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು ಬಂದ ನಳ. ಅದು ನಮಗೆ ಗೊತ್ತು, ಅವನನ್ನು ಸಾರಥಿಯಾಗಿ ಇಟ್ಟುಕೊಂಡ ರಾಜ ಋತುಪರ್ಣನಿಗೆ ಗೊತ್ತಿಲ್ಲ. ದಮಯಂತಿಗೆ ಮತ್ತೆ ಸ್ವಯಂವರ, ರಥ ಹೂಡು ಅನ್ನುತ್ತಾನೆ ಆತ. ಒಳ್ಳೆಯ ಹಾಸ್ಯಗಾರ ಅಲ್ಲಿ ನಗಿಸುತ್ತಲೇ ನಮ್ಮ ಗಂಟಲು ಕಟ್ಟಿಸುತ್ತಾನೆ. ನನಗಂತೂ ಇದಕ್ಕಿಂತ ದೊಡ್ಡ ಹಾಸ್ಯ ಬೇರೆ ಇಲ್ಲ.

ಈಗ ನಿನ್ನ ಕಂಡಕ್ಟರ್. ಪ್ರತಿ ಮಾತಿಗೂ ಜೋಕ್ ಹೊಡೆಯುತ್ತಾನೆ, ಆದರೆ ಅವನಿಗೆ ಏನೂ ಬೇಕಾಗಿಲ್ಲ. ಅವನಿಗೆ ಬಸ್ಸಿನ ಟೈಮಿಂಗಿನ ಚಿಂತೆ ಕೊಡು. ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ ಮುಟ್ಟುವ ಮೊದಲು ಸುರತ್ಕಲ್ ಬಿಡಬೇಕು. ಅಲ್ಲೇ ನಿನ್ನ ಮಲ್ಲಿಗೆ ಅಜ್ಜಿ ಇಳಿಯಬೇಕು. ಅವಳು ಬುಟ್ಟಿಯಲ್ಲಿರುವ ಮಲ್ಲಿಗೆಯ ಅಟ್ಟೆಗಳನ್ನು, ಅಂದರೆ ಹೂವಿನ ಕಟ್ಟುಗಳನ್ನು, ಎಣಿಸದೆ ಸೀಟು ಬಿಡುವುದಿಲ್ಲ. ಇಬ್ಬರದೂ ನ್ಯಾಯವೇ ಅಲ್ವಾ? ಅವನು 'ಬೇಗ ಬೇಗ' ಅಂದಾಗ ಅವಳ ಲೆಕ್ಕ ತಪ್ಪಲಿ. ಮತ್ತೆ ಒಂದರಿಂದ ಶುರು ಮಾಡಲಿ. ಜೋಕಿನ ಮಾತುಗಳನ್ನೆಲ್ಲ ಧೈರ್ಯವಾಗಿ ತೆಗೆದುಹಾಕು.

ಕೊನೆಯಲ್ಲಿ ಪ್ರಯಾಣಿಕನೊಬ್ಬ ಎದ್ದು ಯಾಕೆ ನಗಬೇಕು ಅಂತ ವಿವರಿಸುತ್ತಾನಲ್ಲ, ಅದೂ ಬೇಡ. ನೋಡುವವರ ಮೇಲೆ ನಂಬಿಕೆ ಇಡು.

ಬರೆದು ಸುಮ್ನೆ ಓದಬೇಡಿ, ಎದ್ದು ನಿಂತು ಆಡಿ ನೋಡಿ. ತಿದ್ದಿದ್ದನ್ನು ನನಗೆ ಕಳಿಸು. ಅಜ್ಜಿ ಟಿಕೆಟ್ ಹುಡುಕುವ ಭಾಗ ಮಾತ್ರ ಮುಟ್ಟಬೇಡ, ಅದು ತುಂಬಾ ಚೆನ್ನಾಗಿ ಬಂದಿದೆ.

ಇಂತಿ ನಿನ್ನ
ದೊಡ್ಡಮ್ಮ