ಫಾದರ್‌ಗೆ ಶಾಲು ಬೇಡ, ನಮಗೊಂದು ಕೌಂಟರ್ ಕೊಡಿ: ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಈ ಸಲದ ರಾಜ್ಯೋತ್ಸವದಲ್ಲಿ ನಮ್ಮ ಚರ್ಚಿನ ಫಾದರ್‌ಗೆ ಸನ್ಮಾನ ಮಾಡಬೇಕು ಅಂತ ನಿಮ್ಮ ಕಡೆಯವರು ಬಂದು ಕೇಳಿಕೊಂಡು ಹೋದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಜೊತೆಗೆ 'ಶ್ರಮಿಕರ ಬಂಧು' ಅನ್ನೋ ಬಿರುದು. ಫಾದರ್ ನಕ್ಕು, 'ನೋಡೋಣ, ಹೇಳ್ತೀನಿ' ಅಂದರು. ಅವರು ಹೇಳೋದಿಲ್ಲ, ನನಗೆ ಗೊತ್ತು. ಅದಕ್ಕೇ ನಾನು ಹೇಳುತ್ತಿದ್ದೇನೆ. ಸನ್ಮಾನ ಬೇಡ ಸಾರ್. ಯಾವ ಕೆಲಸಕ್ಕೆ ಅಂತ ನೀವು ಅವರನ್ನು ವೇದಿಕೆಗೆ ಕರೆಯುತ್ತಿದ್ದೀರೋ, ಅದರಲ್ಲಿ ಅರ್ಧ, ಅಂದರೆ ಕೂಲಿಯವರ ಪಿಎಫ್, ಕಾರ್ಡಿನ ಅರ್ಜಿ ತುಂಬಿಸೋದು, ಸರ್ಕಾರ ಮಾಡಬೇಕಾದ ಕೆಲಸ.

ನಾನು ಇದೇ ಧರ್ಮಕೇಂದ್ರದವನು. ಲೇತ್ ಮೇಲೆ ದುಡಿದು ನಿವೃತ್ತನಾದ ಟರ್ನರ್. ಮೈಸೂರಿನ ಮೇಟಗಳ್ಳಿ, ಹೆಬ್ಬಾಳ, ಕೂರ್ಗಳ್ಳಿ ಕಡೆ ಕೆಲಸಕ್ಕೆ ಹೋಗುವ ಜನರೇ ನಮ್ಮಲ್ಲಿ ಜಾಸ್ತಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಸೆಕ್ಯೂರಿಟಿಯವರು, ಮನೆಗೆಲಸದವರು. ಇತ್ತೀಚೆಗೆ ಜಾರ್ಖಂಡ್‌ನ ಹುಡುಗರೂ ಪೂಜೆಗೆ ಬರುತ್ತಾರೆ. ಕನ್ನಡ ಬರೋದಿಲ್ಲ, ಹಿಂದಿನ ಸಾಲಲ್ಲಿ ನಿಂತು ಕೈಮುಗಿದು ಹೋಗುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಬನ್ನಿ, ಕ್ಯಾಮೆರಾ ಇಲ್ಲದೆ. ಮೊದಲ ಪೂಜೆ ಮುಗಿಸಿ ಫಾದರ್ ಉಡುಪು ಬದಲಾಯಿಸುವಷ್ಟರಲ್ಲಿ ಆಫೀಸಿನ ಮುಂದೆ ಸಾಲು ನಿಂತಿರುತ್ತದೆ. ಮೇಜಿನ ಮೇಲೆ ಒಂದು ಕಡೆ ಜ್ಞಾನಸ್ನಾನದ ರಿಜಿಸ್ಟರ್, ಇನ್ನೊಂದು ಕಡೆ ಹಳೇ ಬಿಸ್ಕತ್ ಡಬ್ಬ. ಡಬ್ಬದ ತುಂಬ ಆಧಾರ್ ಝೆರಾಕ್ಸ್, ಪಾಸ್‌ಪೋರ್ಟ್ ಸೈಜಿನ ಫೋಟೋ, ಮೇಸ್ತ್ರಿ ಇನ್ನೂ ಸಹಿ ಹಾಕದ ಫಾರಂಗಳು. ಹೆಂಡತಿಯ ಪಿಎಫ್‌ಗೆ ಒಟಿಪಿ ಬರೋದು ಗಂಡನ ಫೋನಿಗೆ. ಗಂಡ ಇರೋದು ಕೊಡಗಿನ ತೋಟದಲ್ಲಿ. ಅಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅವನು ಲೈನ್ ಮನೆಯಿಂದ (ಕೂಲಿಯವರ ಸಾಲುಮನೆ) ರಸ್ತೆಗೆ ಹತ್ತಿ ಬರಬೇಕು. 'ಬೇಗ ಹೇಳಪ್ಪ, ಟೈಮ್ ಆಗೋಗುತ್ತೆ' ಅಂತ ಫಾದರ್ ಫೋನಲ್ಲಿ ಕೂಗುತ್ತಿರುತ್ತಾರೆ. ಸಾಲಿನ ಕೊನೆಯಲ್ಲಿ ಇನ್ಯಾರೋ ತಾಯಿಯ ಆತ್ಮಕ್ಕೆ ಪೂಜೆ ಹೇಳಿಸಲು ಬಂದವರು ಸುಮ್ನೆ ಕಾಯುತ್ತಿರುತ್ತಾರೆ.

ಹೆಸರಿನ ಗೋಳು ಬೇರೆ. ಚೌರಪ್ಪ ಅನ್ನೋ ಹೆಸರನ್ನೇ ತಗೊಳ್ಳಿ. ನಮ್ಮ ಕಡೆ ಬೇಕಾದಷ್ಟು ಜನ ಚೌರಪ್ಪಂದಿರಿದ್ದಾರೆ. ಚರ್ಚಿನ ಪುಸ್ತಕದಲ್ಲಿ ಕ್ಸೇವಿಯರ್, ಆಧಾರ್‌ನಲ್ಲಿ ಚೌರಪ್ಪ, ಕಂಪನಿಯ ದಾಖಲೆಯಲ್ಲಿ ಸವರಪ್ಪ. ಮೂರೂ ಒಬ್ಬನೇ ಮನುಷ್ಯ ಅಂತ ಫಾದರ್‌ಗೆ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಹಾಗಾಗಿ ಅವನ ಪಿಎಫ್ ದುಡ್ಡು ಅವನಿಗೆ ಸಿಗಬೇಕಾದರೆ ಅವನೂ ಕಂಪನಿಯೂ ಸೇರಿ ಕೊಡುವ ಜಂಟಿ ಘೋಷಣೆ, ಕಂಪನಿಯ ಸಹಿ, ಮತ್ತೆ ಅರ್ಜಿ. ಕಂಟ್ರಾಕ್ಟರ್ ಬದಲಾಗಿದ್ದರೆ ಸಹಿ ಹಾಕುವವರೇ ಇಲ್ಲ.

ಪಿಎಫ್ ಕೇಂದ್ರದ್ದು, ನಮ್ಮದಲ್ಲ ಅಂತ ನೀವು ಹೇಳಬಹುದು. ಸರಿ, ಪ್ರತಿ ತಿಂಗಳ 27ಕ್ಕೆ ಅವರದ್ದೂ ಶಿಬಿರ ಇರುತ್ತದೆ. ಕೆಲಸದ ದಿನ ಅಲ್ಲಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು. ಅದಿರಲಿ. ಕಟ್ಟಡ ಕಾರ್ಮಿಕರ ಮಂಡಳಿ ರಾಜ್ಯದ್ದೇ ಅಲ್ವಾ? 1996ರ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಅಂತ ಸೇರುತ್ತದೆ. ದುಡ್ಡು ಕಾರ್ಮಿಕರ ಹೆಸರಲ್ಲೇ ಇದೆ. ಆದರೆ ಅದು ಸಿಗಲು ಮಂಡಳಿಯ ಕಾರ್ಡ್ ಬೇಕು ಅಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಕೊಡಬೇಕು. ಇವತ್ತು ವಿಜಯನಗರದಲ್ಲಿ ಸೆಂಟ್ರಿಂಗ್, ನಾಳೆ ಬೋಗಾದಿಯಲ್ಲಿ ಕಾಂಕ್ರೀಟ್, ಆಮೇಲೆ ಒಂದು ವಾರ ಕೆಲಸವೇ ಇಲ್ಲ. ಇಂಥವನಿಗೆ 90 ದಿನದ ಲೆಕ್ಕ ಬರೆದು ಯಾರು ಸಹಿ ಹಾಕುತ್ತಾರೆ? ಒಬ್ಬ ಮೇಸ್ತ್ರಿ ದುಡ್ಡು ಕೇಳುತ್ತಾನೆ, ಇನ್ನೊಬ್ಬ ಫೋನೇ ಎತ್ತೋದಿಲ್ಲ. ಕೊನೆಗೆ ಎಲ್ಲರೂ ಬರೋದು ಫಾದರ್ ಹತ್ತಿರ. ಫಾದರ್ ಸಹಿಗೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ. ಆದರೂ ಬರುತ್ತಾರೆ.

ಮೊದಲು ಹೀಗಿರಲಿಲ್ಲ. 1961ರಲ್ಲಿ ಶುರುವಾದ ಇಲ್ಲಿನ ಜಾವಾ ಬೈಕ್ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆ ಕಾಲದಲ್ಲಿ ದೊಡ್ಡ ಕಾರ್ಖಾನೆ ಅಂದರೆ ಪಕ್ಕದಲ್ಲೇ ಯೂನಿಯನ್ ಆಫೀಸ್ ಇರುತ್ತಿತ್ತು. ಫಾರಂ ತುಂಬೋದು, ಮ್ಯಾನೇಜರ್ ಹತ್ತಿರ ಮಾತಾಡೋದು, ಕೋರ್ಟಿಗೆ ಹೋಗೋದು ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಈಗಿನ ಹುಡುಗರು ಕಂಟ್ರಾಕ್ಟ್ ಮೇಲೆ ಬರುತ್ತಾರೆ. ಯೂನಿಯನ್ ಅಂದರೆ ಮಾರನೇ ದಿನ ಗೇಟಿನ ಹೊರಗೆ. ಯೂನಿಯನ್ ಇದ್ದ ಜಾಗ ಖಾಲಿ ಬಿದ್ದಿದೆ. ಬಾಗಿಲು ತೆರೆದಿರೋದು ಚರ್ಚಿನದು, ಅದಕ್ಕೇ ಅಲ್ಲಿಗೆ ಬರುತ್ತಾರೆ. ಫಾದರ್ ಮಾತ್ರ ಇದನ್ನು ಒಳ್ಳೆಯ ಲಕ್ಷಣ ಅಂತ ಯಾವತ್ತೂ ಹೇಳಿಲ್ಲ. ಕಾರ್ಮಿಕರು ತಾವೇ ಸಂಘ ಕಟ್ಟಿಕೊಳ್ಳಬೇಕು ಅನ್ನೋದು ಅವರ ಮಾತು. 1891ರಲ್ಲೇ ಪೋಪ್ 13ನೇ ಲಿಯೋ ಅದನ್ನು ಕಾರ್ಮಿಕರ ಹಕ್ಕು ಅಂತ ಬರೆದಿದ್ದರು. ಈಗಿನ ಪೋಪ್ 2025ರಲ್ಲಿ ಅದೇ ಹೆಸರು ಆರಿಸಿಕೊಂಡಿದ್ದಕ್ಕೂ ಅದು ಒಂದು ಕಾರಣ.

ಹಾಗಾದರೆ ಫಾದರ್ ಕೆಲಸ ಏನು ಅಂತ ನಿಮ್ಮ ಕಡೆಯವರು ಕೇಳಬಹುದು. ಪವರ್ ಪ್ರೆಸ್‌ಗೆ ಸಿಕ್ಕಿ ಎರಡು ಬೆರಳು ಕಳೆದುಕೊಂಡ ಒಬ್ಬ ಹುಡುಗನನ್ನು ನೋಡಲು ಅವರ ಜೊತೆ ನಾನೂ ಹೋಗಿದ್ದೆ. ಹುಡುಗ ಕಟ್ಟು ಕಟ್ಟಿದ ಕೈಯನ್ನು ದುಪ್ಪಟಿಯೊಳಗೆ ಇಟ್ಟುಕೊಂಡಿದ್ದ. ಫಾದರ್ ಪ್ರಸಂಗ ಮಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು, ಕಿತ್ತಳೆ ಬಿಡಿಸಿ ಒಂದೊಂದೇ ತೊಳೆ ಕೊಟ್ಟರು. ತುಂಬ ಹೊತ್ತಾದ ಮೇಲೆ ಅವನು, 'ನಂಗೆ ಹೆಣ್ಣು ಕೊಡ್ತಾರಾ ಫಾದರ್?' ಅಂದ. ಈ ಪ್ರಶ್ನೆಯನ್ನು ಯಾವ ಇಲಾಖೆಗೆ ಕಳಿಸೋಣ ಹೇಳಿ. ಇದಕ್ಕೆ ಫಾದರ್ ಬೇಕು. ಪರಿಹಾರದ ಅರ್ಜಿಗೆ ಬೇಕಾಗಿಲ್ಲ. ಅದಕ್ಕೆ ನಿಮ್ಮ ಅಧಿಕಾರಿ ಸಾಕು.

ಪಾದ್ರಿಯಾಗಲು ಸೆಮಿನರಿಯಲ್ಲಿ ತತ್ವಶಾಸ್ತ್ರ, ದೇವಶಾಸ್ತ್ರ ಅಂತ ವರ್ಷಗಟ್ಟಲೆ ಓದಬೇಕು. ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯುತ್ತದೆ. ನಮ್ಮ ಫಾದರ್ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರು. ಕೂಲಿಯವರ ನಡುವೆ ಇರೋದೇ ತನಗೆ ಬಂದ ದೈವಕರೆ ಅಂತ ನಂಬಿದವರು. ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ಪಾದ್ರಿಗಳೇ ಕಾರ್ಖಾನೆಗೆ ಕೂಲಿಗೆ ಸೇರಿದ್ದನ್ನು ಒಮ್ಮೆ ಮೇ 1ರ ಪೂಜೆಯಲ್ಲಿ ಹೇಳಿದ್ದರು. ಜಾಕ್ ಲೋವ್ ಅನ್ನೋರು 1941ರಲ್ಲಿ ಮಾರ್ಸೇ ಬಂದರಿನಲ್ಲಿ ಮೂಟೆ ಹೊರಲು ಹೋದರಂತೆ. 1954ರಲ್ಲಿ ರೋಮ್ ಇದನ್ನು ನಿಲ್ಲಿಸಿತು, 1965ರಲ್ಲಿ ಮತ್ತೆ ಒಪ್ಪಿತು. ಆ ಪಾದ್ರಿಗಳು ಹೋಗಿದ್ದು ಜೊತೆಗೆ ದುಡಿಯಲು. ಜನರ ಒಟಿಪಿ ಹಾಕಲು ಅಲ್ಲ. (ಮೇ 1 ಯಾಕೆ ಅಂದರೆ, ಅವತ್ತು ಕಾರ್ಮಿಕ ಸಂತ ಜೋಸೆಫರ ಹಬ್ಬ. ನಮ್ಮೂರಿನ ದೊಡ್ಡ ಚರ್ಚನ್ನು ಎಲ್ಲರೂ ಫಿಲೋಮಿನಾ ಚರ್ಚ್ ಅಂತಾರೆ. ಪೂರ್ತಿ ಹೆಸರಲ್ಲಿ ಬಡಗಿ ಜೋಸೆಫರೂ ಇದ್ದಾರೆ ಅನ್ನೋದು ಅಲ್ಲಿ ಸೆಲ್ಫಿ ತೆಗೆಯುವವರಿಗೆ ಗೊತ್ತಿರೋದಿಲ್ಲ.)

ಸರ್ಕಾರದ ಕೆಲಸ ಪಾದ್ರಿ ತಲೆಗೆ ಬರೋದು ಹೊಸದಲ್ಲ ಬಿಡಿ. ಇಲ್ಲೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯ್ ಅವರ ಚರ್ಚ್ ಇದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಚದುರಿಹೋಗಿದ್ದ ಜನರನ್ನು ನೋಡಿಕೊಳ್ಳಲು ಬಂದ ಫ್ರೆಂಚ್ ಪಾದ್ರಿ ಅವರು. ಸಿಡುಬು ಬಂದಾಗ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. 1823ರಲ್ಲಿ ಅವರು ಊರಿಗೆ ಹೊರಟಾಗ ಕಂಪನಿ ಸರ್ಕಾರ ಪಿಂಚಣಿ ಕೊಟ್ಟಿತು. ಇನ್ನೂರು ವರ್ಷದ ಮೇಲೆ ನಾವು ಶಾಲಿಗೆ ಬಂದು ನಿಂತಿದ್ದೇವೆ.

ಇದರಿಂದ ನಮಗೆ ಆಗುತ್ತಿರುವ ನಷ್ಟ ನಿಮಗೆ ಕಾಣೋದಿಲ್ಲ. ಹಾಸಿಗೆ ಹಿಡಿದವರಿಗೆ ಭಾನುವಾರ ಮಧ್ಯಾಹ್ನದೊಳಗೆ ಫಾದರ್ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಕೊಂಡೊಯ್ಯುತ್ತಿದ್ದರು. ಈಗ ಸಂಜೆಯಾಗುತ್ತದೆ. ಪಾಪನಿವೇದನೆಗೆ ಬಂದವರು ಆಫೀಸಿನ ಸಾಲು ನೋಡಿ ವಾಪಸ್ ಹೋಗುತ್ತಾರೆ. ಬಿಹಾರ, ಒಡಿಶಾದವರು ಇರುವ ತಗಡಿನ ಶೆಡ್ಡುಗಳಿಗೆ ಫಾದರ್ ಹೋದರೆ 'ಮತಾಂತರ' ಅಂತ ಗುಸುಗುಸು ಶುರು. ಅವರ ಚೀಲದಲ್ಲಿ ಇರೋದು ಝೆರಾಕ್ಸ್ ಕಾಗದ. ಅದೇ ಕಾಗದ ನಿಮ್ಮ ಇಲಾಖೆಯವರು ಹಿಡಿದು ಹೋದರೆ ಯಾರೂ ಸೊಲ್ಲೆತ್ತೋದಿಲ್ಲ, ಅಲ್ವಾ?

ಇನ್ನೊಂದು ಮಾತು. ಪಾದ್ರಿಗಳಿಗೆ ವರ್ಗಾವಣೆ ಇದೆ. ಧರ್ಮಾಧ್ಯಕ್ಷರು (ಬಿಷಪ್) ಕಾಗದ ಕೊಟ್ಟರೆ ಪೆಟ್ಟಿಗೆ ಕಟ್ಟಿ ಹೊರಡಬೇಕು. ಮುಂದೆ ಬರುವವರು ಒಳ್ಳೇ ಹಾಡುಗಾರರಾಗಿರಬಹುದು, ಮಕ್ಕಳಿಗೆ ಚೆನ್ನಾಗಿ ಪಾಠ ಹೇಳಬಹುದು. ಪಿಎಫ್ ಸೈಟು ಅವರಿಗೆ ಬರಲೇಬೇಕು ಅಂತ ಕೇಳೋಕೆ ಆಗುತ್ತಾ?

ನಾವು ಕೇಳುತ್ತಿರೋದು ಇಷ್ಟೇ. ನಮ್ಮ ವಾರ್ಡಿನ ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ಮತ್ತು ವಾರದ ಮಧ್ಯೆ ಒಂದು ಸಂಜೆ ಕಾರ್ಮಿಕ ಇಲಾಖೆಯ ಕೌಂಟರ್. ಕೆಲಸದ ಜಾಗಕ್ಕೆ ಹೋಗಿ ವಿಚಾರಿಸಿ 90 ದಿನದ ದೃಢೀಕರಣ ಕೊಡಬಲ್ಲ ಅಧಿಕಾರಿ. ಪಿಎಫ್, ಇಎಸ್‌ಐನವರನ್ನು ತಿಂಗಳಿಗೊಮ್ಮೆ ಅಲ್ಲಿಗೇ ಕರೆಸಲು ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ವರ್ಷಕ್ಕೆ 2 ಕೋಟಿ ಶಾಸಕರ ನಿಧಿ ಇದೆ, ಒಂದು ಕಂಪ್ಯೂಟರ್, ಪ್ರಿಂಟರ್ ಅದರಲ್ಲಿ ದೊಡ್ಡ ಬಾಬತ್ತೇನಲ್ಲ. ಭಾನುವಾರ ಸಿಬ್ಬಂದಿ ಬರೋದಿಲ್ಲ ಅಂದರೆ ಬೇರೆ ದಿನ ರಜೆ ಕೊಡಿ. ಗಾರ್ಮೆಂಟ್ಸ್ ಹುಡುಗಿಗೆ ಇರೋದು ಅದೊಂದೇ ದಿನ.

ಯಾವ ದಿನದಿಂದ ಶುರು ಅಂತ ತಿಳಿಸಿದರೆ ಸಾಕು. ಚರ್ಚಿನಲ್ಲೂ, ಪಕ್ಕದ ಮಾರಮ್ಮನ ಗುಡಿಯಲ್ಲೂ, ಮಸೀದಿ ಹತ್ತಿರವೂ ನೋಟಿಸ್ ಅಂಟಿಸುತ್ತೇವೆ. ಟೋಕನ್ ಕೊಟ್ಟು ಸಾಲು ನಿಲ್ಲಿಸಲು ನನ್ನಂಥ ನಿವೃತ್ತರು ನಾಲ್ಕೈದು ಜನ ಇದ್ದೇವೆ. ಸಹಿ ಹಾಕುವ ಅಧಿಕಾರ ಇರುವವರನ್ನು ಮಾತ್ರ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ನಿವೃತ್ತ ಟರ್ನರ್
ಮೈಸೂರು